ಮೂಗು ಹೀಗಿರುವುದಿಲ್ಲ

ಮಾರ್ಚ್ ೬

ಭಾವನವರಿಗೆ,

ಹಾಗಾದ್ರೆ ನಿಮ್ಮ ಹೆಂಡತೀನ ನಾನು ಕದ್ದುಕೊಂಡು ಬಂದೆ ಅಂತಾಯ್ತು. ಕದಿಯೋಕೆ ಅಕ್ಕ ಏನು ತಂತಿ ಮೇಲೆ ಒಣಗೋಕೆ ಹಾಕಿದ್ದ ಪಂಚೆಯಾ? ನಿಮ್ಮ ಕಾಗದ ಮೂರು ಸಲ ಓದಿದೆ. ಮೊದಲನೇ ಸಲ ಕೋಪ ಬಂತು, ಎರಡನೇ ಸಲ ನಗು ಬಂತು, ಮೂರನೇ ಸಲ ಬರೀ ಅಕ್ಷರ ನೋಡಿದೆ. ಬೈಗುಳಾನೂ ಮುತ್ತು ಪೋಣಿಸಿದ ಹಾಗೆ ಬರೀತೀರಿ. ಒಪ್ಪಲೇಬೇಕು.

ನಡೆದಿದ್ದು ಇಷ್ಟೇ. ಸೋಮವಾರ ಹನ್ನೊಂದು ಗಂಟೆ ರೈಲಿಗೆ ಅಕ್ಕ ಬಂದ್ಲು. ಒಂದು ಕೈಚೀಲ, ಒಂದು ಕೊಡೆ. ನಾನು ಏಣಿ ಮೇಲೆ ನಿಂತು ಹಲ್ಲಿನ ಡಾಕ್ಟರ ಬೋರ್ಡಿಗೆ ಹಲ್ಲು ಬರೀತಿದ್ದೆ. ಕೆಳಗಿಂದ "ಇಳಿಯೋ, ಮನೆ ಬೀಗದಕೈ ಕೊಡು" ಅಂದ್ಲು. ಎಷ್ಟು ದಿನಕ್ಕೆ ಬಂದೆ ಅಂತ ಕೇಳಿದೆ. "ನಿನ್ನ ಮನೇಲಿ ಎಷ್ಟು ಕಸ ಇದೆ ಅನ್ನೋದರ ಮೇಲೆ" ಅಂದ್ಲು. ಮದುವೆಯಾಗದ ಗಂಡಸಿನ ಮನೆ, ನಿಮಗೇ ಗೊತ್ತು. ಆ ಲೆಕ್ಕದಲ್ಲಿ ಹತ್ತು ವರ್ಷ ಬೇಕು.

ಯಾಕೆ ಬಂದೆ ಅಂದ್ರೆ "ಅವರನ್ನೇ ಕೇಳು" ಅಂತಾಳೆ. ಕೇಳ್ತಿದೀನಿ. ಫೋನ್ ಮಾಡಿದ್ರೆ ನನ್ನ ದನಿ ಕೇಳಿದ ಕೂಡ್ಲೇ ಇಟ್ಟುಬಿಡ್ತೀರಿ, ಅಕ್ಕ ಫೋನ್ ಮುಟ್ಟೋದೇ ಇಲ್ಲ. ಹಾಗಾಗಿ ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟ ನಾನು, ಮೂವತ್ತನಾಲ್ಕು ವರ್ಷ ಶಾಲೆ ಬಿಡದೇ ಇದ್ದ ನಿಮಗೆ ಕಾಗದ ಬರೀಬೇಕಾಗಿದೆ.

ಏನ್ ಮಾಡಿದ್ರಿ ಭಾವ? ಇಪ್ಪತ್ತೊಂಬತ್ತು ವರ್ಷ ಎದುರು ಮಾತಾಡದೆ ಬಾಳಿದವಳು ಸುಮ್ಸುಮ್ನೆ ರೈಲು ಹತ್ತಲ್ಲ.

ಇಂತಿ,
ನಿಮ್ಮ ಹೆಂಡತಿಯ ತಮ್ಮ
(ನಿಮಗೆ ಏನಾಗಬೇಕೋ ನೀವೇ ಹೇಳಿ)

ಮಾರ್ಚ್ ೧೫

ಬೋರ್ಡು ಬರೆಯುವವನಿಗೆ,

ನಿನ್ನ ಪತ್ರ ತಲುಪಿತು. ಅದರಲ್ಲಿ ಹದಿನೇಳು ತಪ್ಪುಗಳಿವೆ. ಕೆಂಪು ಶಾಯಿಯಲ್ಲಿ ತಿದ್ದಿ ಇದರ ಜೊತೆ ವಾಪಸು ಕಳಿಸಿದ್ದೇನೆ. ಜನರ ತಲೆಯ ಮೇಲೆ ಅಕ್ಷರ ತೂಗುಹಾಕುವವನು ಒಂದಿಷ್ಟು ಕಲಿತಿದ್ದರೆ ಒಳ್ಳೆಯದು.

ನಾನು ಏನೂ ಮಾಡಿಲ್ಲ. ಕೈ ಎತ್ತಿಲ್ಲ, ದನಿ ಎತ್ತಿಲ್ಲ. ಅವಳು ಹೋಗುವ ಹಿಂದಿನ ವಾರ ನಾನು ಅವಳ ಜೊತೆ ಮಾತನ್ನೇ ಆಡಿಲ್ಲ. ಜಗಳ ಎಲ್ಲಿಂದ ಬರಬೇಕು? ಸ್ಪರ್ಧೆಗೆ ಹೋಗಬೇಕಾದ ತೊಂಬತ್ತೆರಡು ಹಾಳೆಗಳನ್ನು ತಿದ್ದುತ್ತಿದ್ದೆ. ನಿವೃತ್ತನಾಗಿ ಎರಡು ವರ್ಷವಾದರೂ ನನ್ನ ಭಾನುವಾರದ ಕ್ಲಾಸಿಗೆ ಈಗಲೂ ನಲವತ್ತು ಮಕ್ಕಳು ಬರುತ್ತಾರೆ. ನಿನ್ನಂಥವರಿಗೆ ಅದು ಕೆಲಸವೆಂದು ಅನ್ನಿಸುವುದಿಲ್ಲ.

ಅವಳ ತಲೆಯಲ್ಲಿ ಏನೋ ತುಂಬಿದವನು ನೀನೇ. ಕಳೆದ ಬೇಸಿಗೆಯಲ್ಲಿ ನಮ್ಮ ಮನೆಗೆ ಬಂದು ನಾಲ್ಕು ದಿನ ಇದ್ದು, ಊಟದ ಹೊತ್ತಿನಲ್ಲೆಲ್ಲ ಅವಳನ್ನು ನಗಿಸುತ್ತಿದ್ದೆ. ಆಗಲೇ ನನಗೆ ಅನುಮಾನ ಬಂದಿತ್ತು.

ಅವಳನ್ನು ಕಳಿಸು. ಕಳಿಸುವವರೆಗೆ ಒಂದು ವಿಷಯ ಕೇಳಿ ತಿಳಿಸು. ಕ್ಲಾಸಿನ ಪೆನ್ಸಿಲುಗಳನ್ನು ಹನ್ನೊಂದು ವರ್ಷಗಳಿಂದ ಅವಳೇ ಚೂಪು ಮಾಡಿಡುತ್ತಿದ್ದಳು. ಬ್ಲೇಡು ಎಲ್ಲಿಟ್ಟಿದ್ದಾಳೆ? ಮಕ್ಕಳು ಮೊಂಡು ಪೆನ್ಸಿಲಿನಲ್ಲಿ ಬರೆಯುತ್ತಿದ್ದಾರೆ. ನೋಡಲಾಗುತ್ತಿಲ್ಲ.

ಇಂತಿ,
ಚಿತ್ರಕಲಾ ಶಿಕ್ಷಕ (ನಿವೃತ್ತ)

ಮಾರ್ಚ್ ೨೬

ಭಾವನವರಿಗೆ,

ಬ್ಲೇಡು ಗೋಡೆ ಗಡಿಯಾರದ ಹಿಂದೆ ಇದೆಯಂತೆ. ಹೆಂಡತಿ ಹೇಗಿದಾಳೆ ಅಂತ ಒಂದು ಸಾಲೂ ಇಲ್ಲ, ಬ್ಲೇಡ್ ಎಲ್ಲಿ ಅಂತ ನಾಲ್ಕು ಸಾಲು. ಭೇಷ್.

ನೀವು ತಿದ್ದಿ ಕಳಿಸಿದ ಕಾಗದಾನ ಮನೆ ಮುಂಭಾಗದ ಅಂಗಡಿ ಗೋಡೆಗೆ ಅಂಟಿಸಿದೀನಿ. ಬಂದವರೆಲ್ಲ "ಯಾವ ಹುಡುಗಂದು ಇದು, ಪಾಪ" ಅಂತಾರೆ. ನಂದೇ ಅಂತೀನಿ.

ಈಗ ಕೂತ್ಕೊಂಡು ಓದಿ. ನಿಂತಿದ್ರೆ ಕುರ್ಚಿ ಎಳ್ಕೊಳ್ಳಿ.

ಮೊನ್ನೆ ಮಧ್ಯಾಹ್ನ ಅಕ್ಕ ನನ್ನ ಪೆನ್ಸಿಲ್ ಎಲ್ಲಾ ಮುಂದೆ ಹಾಕ್ಕೊಂಡು ಚೂಪು ಮಾಡ್ತಾ ಇದ್ಲು. ಸಾಕು ಬಿಡೇ, ಬೋರ್ಡಿಗೆ ಸೂಜಿಮೊನೆ ಯಾಕೆ ಅಂದೆ. "ಹನ್ನೊಂದು ವರ್ಷ ಚೂಪು ಮಾಡಿದೀನಿ ಕಣೋ. ಬರೆದಿದ್ದು ಒಂದೇ ಸಲ" ಅಂದ್ಲು. ಆಮೇಲೆ ಕೈಚೀಲದಿಂದ ಒಂದು ಹಾಳೆ ತೆಗೆದು ನನ್ನ ಮುಂದೆ ಇಟ್ಲು.

ಹಾಳೇಲಿ ಒಬ್ಬ ಮುದುಕ ಕುರ್ಚೀಲಿ ಕೂತು ನಿದ್ದೆ ಮಾಡ್ತಿದಾನೆ. ಬಾಯಿ ತೆರೆದಿದೆ, ಕನ್ನಡಕ ಜಾರಿದೆ, ಕುತ್ತಿಗೆ ಭುಜದೊಳಗೆ ಕುಸಿದಿದೆ. ಮೂಗು ಅಂದ್ರೆ ಮೂಗು, ಆಲೂಗಡ್ಡೆ. ಗೆರೆ ತೆಳ್ಳಗೆ, ಹೆದರ್ಕೊಂಡು ಹೆದರ್ಕೊಂಡು ಎಳೆದ ಹಾಗಿದೆ. ಆದ್ರೆ ನೋಡಿದ ಕೂಡ್ಲೇ ನಾನು "ಅಯ್ಯೋ ಭಾವ!" ಅಂದೆ. ದಾರೀಲಿ ಹೋಗೋ ಪೋಸ್ಟ್‌ಮ್ಯಾನ್‌ಗೆ ತೋರಿಸಿದ್ರೂ ಭಾವ ಅಂತಾನೆ.

ಆ ತೆಳ್ಳಗಿನ ಗೆರೆ ಮೇಲೆ ಇನ್ನೊಂದು ಗೆರೆ ಇದೆ. ದಪ್ಪ, ಕಪ್ಪು. ಆಲೂಗಡ್ಡೆ ಹೋಗಿ ನೆಟ್ಟಗಿನ ಮೂಗು ಬಂದಿದೆ. ತೆರೆದ ಬಾಯಿ ಮುಚ್ಚಿದೆ. ಇಲ್ಲದ ಕುತ್ತಿಗೆ ಎರಡು ಇಂಚು ಬೆಳೆದಿದೆ. ಕೆಳಗೆ ಮುತ್ತಿನಂಥ ಅಕ್ಷರದಲ್ಲಿ, "ಮೂಗು ಹೀಗಿರುವುದಿಲ್ಲ. ನೋಡಿ ಬರೆ. ೪/೧೦."

ನೀವು ಊಟ ಆದಮೇಲೆ ನಿದ್ದೆ ಹೊಡೀತೀರಲ್ಲ, ಐದು ಮಧ್ಯಾಹ್ನ ಎದುರಿಗೆ ಕೂತು ಬರೆದ್ಲಂತೆ. ಮಕ್ಕಳು ಬಿಸಾಕಿದ ಪೆನ್ಸಿಲ್ ತುಂಡಲ್ಲಿ. ನಿಮಗೆ ತೋರಿಸೋಣ ಅಂತ ಮೇಜಿನ ಮೇಲಿಟ್ಟು ಚಹಾ ತರೋಕೆ ಒಳಗೆ ಹೋದ್ಲಂತೆ. ಬರೋವಷ್ಟರಲ್ಲಿ ನೀವು ತಿದ್ದಿ, ಮಾರ್ಕ್ಸ್ ಹಾಕಿ, ರಾಶಿಗೆ ಸೇರಿಸಿ ಮುಂದಿನದಕ್ಕೆ ಹೋಗಿದ್ರಂತೆ. ನಿಮಗೆ ಹೊಳೆಯಬಹುದು ಅಂತ ಮೂರು ದಿನ ಕಾದು, ರಾಶಿಯಿಂದ ಹಾಳೆ ಎಳ್ಕೊಂಡು ರೈಲು ಹತ್ತಿದ್ಲಂತೆ.

ಮೊಸರಲ್ಲಿ ಕಲ್ಲು ಹುಡುಕೋರನ್ನ ನೋಡಿದೀನಿ. ತನ್ನ ಮುಖಾನೇ ತಪ್ಪು ಅಂತ ತಿದ್ದಿದ ಮಹಾನುಭಾವನ್ನ ಈಗಲೇ ನೋಡ್ತಿರೋದು. ಮೂಗಿನ ಮೇಲೇ ಕೋಪ ಅಂತಾರಲ್ಲ, ಅಷ್ಟು ಕೋಪ ಕೂರೋಕೆ ದಪ್ಪ ಮೂಗೇ ಬೇಕು ಭಾವ. ಅಕ್ಕ ಸರಿಯಾಗೇ ಬರೆದಿದ್ಲು.

ಇಂತಿ,
ಹದಿನೇಳು ತಪ್ಪಿನ ಭಾಮೈದ

ಏಪ್ರಿಲ್ ೧೧

ಭಾಮೈದನಿಗೆ,

ಆ ಹಾಳೆ ನನಗೆ ನೆನಪಿದೆ. ಹೆಸರಿರಲಿಲ್ಲ, ತರಗತಿಯ ಹೆಸರಿರಲಿಲ್ಲ. ಯಾವುದೋ ಹುಡುಗಿ ತನ್ನ ತಾತನನ್ನು ಬರೆದಿದ್ದಾಳೆಂದುಕೊಂಡೆ. ತಲೆ ದೊಡ್ಡದಾಗಿತ್ತು, ಕುರ್ಚಿಯ ಕಾಲುಗಳು ಒಂದೊಂದು ಒಂದೊಂದು ದಿಕ್ಕಿಗಿದ್ದವು. ನಾಲ್ಕು ಅಂಕ ಧಾರಾಳವಾಗಿಯೇ ಕೊಟ್ಟಿದ್ದೆ.

ಮೇಜಿನ ಮೇಲೆ ಹಾಳೆ ಕಂಡರೆ ತಿದ್ದುತ್ತೇನೆ. ಅದು ನನ್ನ ಕೆಲಸ. ಅಡುಗೆಯವನ ಮುಂದೆ ತರಕಾರಿ ಇಟ್ಟು, ಯಾಕೆ ಹೆಚ್ಚಿದೆ ಎಂದು ಕೇಳುತ್ತಾರೆಯೇ? ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ಹೇಳದೆ ಮೂರು ದಿನ ಕಾಯುವುದು, ಆಮೇಲೆ ರೈಲು ಹತ್ತುವುದು, ಇದನ್ನು ಪರೀಕ್ಷೆ ಎನ್ನುತ್ತಾರೆ. ಪರೀಕ್ಷೆ ಇಟ್ಟವಳು ಅವಳು, ನಾನಲ್ಲ.

ನಿನಗೆ ನಗು. ನಿನಗೆ ಎಲ್ಲವೂ ನಗು. ನೀನು ಹುಟ್ಟುವಾಗಲೂ ಅಳುವ ಬದಲು ಕಿಸಕ್ಕೆಂದಿರಬೇಕು. ನಾನೊಂದು ಹೇಳುತ್ತೇನೆ, ಅದಕ್ಕೂ ನಗು.

ಇಪ್ಪತ್ತಮೂರನೇ ವಯಸ್ಸಿನಲ್ಲಿ ನನ್ನ ಹನ್ನೊಂದು ವರ್ಣಚಿತ್ರಗಳನ್ನು ಒಂದು ಗೋಡೆಯ ಮೇಲೆ ತೂಗುಹಾಕಿದ್ದರು. ನೋಡಲು ಜನ ಬಂದಿದ್ದರು. ಒಂದು ವರ್ಷಕ್ಕೆಂದು ಶಾಲೆಗೆ ಸೇರಿದೆ. ಸೈಕಲ್ ನಿಲ್ಲಿಸುವ ಜಾಗದ ಮೇಲಿನ ಕೋಣೆ, ಒಂದೇ ಕಿಟಕಿ, ಅದೂ ಬಲಕ್ಕೆ, ಕೈಯ ನೆರಳು ಹಾಳೆಯ ಮೇಲೆ. ದಿನಕ್ಕೆ ನೂರು ಹಾಳೆ. ಒಂದೊಂದರಲ್ಲೂ ನನ್ನ ಕೈಯ ನಾಲ್ಕು ಗೆರೆ. ಹನ್ನೆರಡನೇ ಚಿತ್ರ ಬರೆಯಲೇ ಇಲ್ಲ. ನಾನು ಮೂವತ್ತನಾಲ್ಕು ವರ್ಷ ಎಳೆದ ಗೆರೆಗಳೆಲ್ಲ ಬೇರೆಯವರ ಹಾಳೆಗಳ ಮೇಲಿವೆ. ಮಕ್ಕಳು ಅವನ್ನು ಮಡಚಿ ವಿಮಾನ ಮಾಡಿ ಹಾರಿಸಿದರು. ಮೇಲಿನ ಕಿಟಕಿಯಿಂದ ಎಷ್ಟೋ ಸಂಜೆ ನೋಡಿದ್ದೇನೆ. ಅದಕ್ಕೆ ನಾನು ಯಾವ ರೈಲು ಹತ್ತಬೇಕಿತ್ತು?

ಅವಳಿಗೆ ಹೇಳು, ಬರಬೇಕಾದರೆ ಬರಲಿ. ನಾನು ಕ್ಷಮೆ ಕೇಳುವುದಿಲ್ಲ. ಕುರ್ಚಿಯ ಕಾಲು ತಪ್ಪೇ ಇತ್ತು.

ಇಂತಿ,
ಚಿತ್ರಕಲಾ ಶಿಕ್ಷಕ

ಏಪ್ರಿಲ್ ೨೦

ಭಾವನವರಿಗೆ,

ಓದಿ ಹೇಳಿದೆ. ವಿಮಾನದ ಹತ್ರ ಬಂದಾಗ ಅಕ್ಕ ಎದ್ದು ನೀರು ಕುಡಿದ್ಲು. ಕುರ್ಚಿ ಕಾಲಿನ ಹತ್ರ ಬಂದಾಗ ಲೋಟ ಠಣ್ ಅಂತ ಕುಕ್ಕಿದ್ಲು. ಆ ಕೊನೇ ಸಾಲು ಬರೀದೇ ಇದ್ದಿದ್ರೆ ಏನಾಗ್ತಿತ್ತು ನಿಮಗೆ? ಕೈ ಕಡೀತಿತ್ತಾ?

ನಾನೂ ಒಂದು ಹೇಳ್ತೀನಿ, ನಗಬೇಡಿ. ನಗೋದು ನಿಮಗೆಲ್ಲಿ ಬರುತ್ತೆ ಬಿಡಿ. ಇಪ್ಪತ್ತೆರಡು ವಯಸ್ಸಲ್ಲಿ ನಾನು ಮೊದಲ ಬೋರ್ಡ್ ಬರೆದೆ. ಕ್ಷೌರದ ಅಂಗಡಿಗೆ. ಬಣ್ಣ ಇನ್ನೂ ಹಸಿ. ಬ್ರಷ್ ಸಮೇತ ಹೊತ್ಕೊಂಡು ರೈಲಲ್ಲಿ ನಿಮ್ಮನೆಗೆ ಬಂದೆ, ಡ್ರಾಯಿಂಗ್ ಮೇಷ್ಟ್ರು ಭಾವ ಏನಾದ್ರೂ ಅಂತಾರೇನೋ ಅಂತ. ನೀವು ನನ್ನ ಕೈಯಿಂದ ಬ್ರಷ್ ಕಿತ್ಕೊಂಡು ಒಂದೊಂದೇ ಅಕ್ಷರ ಸರಿ ಮಾಡಿದ್ರಿ. ಚೆಂದ ಆಯ್ತು, ಸುಳ್ಳು ಹೇಳಲ್ಲ. ಇವತ್ತಿಗೂ ಆ ಬೋರ್ಡ್ ಅಲ್ಲೇ ಇದೆ, ಇವತ್ತಿಗೂ ನಾನು ಆ ಬೀದೀಲಿ ಹೋಗಲ್ಲ. ಕ್ಷೌರಕ್ಕೆ ಬೇರೆ ಕಡೆ ಹೋಗ್ತೀನಿ.

ಅಕ್ಕ ಒಂದು ಮಾತು ಹೇಳಿದಾಳೆ. ಅವಳ ಮಾತಲ್ಲೇ ಬರೀತೀನಿ, ತಿದ್ದಬೇಡಿ.

"ಒಂದು ಗಂಟೆ ನನ್ನ ಮುಂದೆ ಕೂರಲಿ. ಎಚ್ಚರ ಇರಬೇಕು. ಬಾಯಿ ಬಿಡಬಾರದು, ಕೈ ಎತ್ತಬಾರದು. ನಾನು ಬರೀತೀನಿ. ಅಷ್ಟು ಮಾಡಿದ್ರೆ ಅವರ ಜೊತೆ ಅದೇ ರೈಲಿಗೆ ವಾಪಸ್ ಹೋಗ್ತೀನಿ."

ಮೇ ಮೊದಲ ಭಾನುವಾರ. ಬರ್ತೀರೋ, ಮಕ್ಕಳ ಹಾಳೆ ಇದೆ ಅಂತೀರೋ?

ಇಂತಿ,
ದೂರದ ಕ್ಷೌರದವನ ಗಿರಾಕಿ

ಏಪ್ರಿಲ್ ೨೯

ಬರುತ್ತೇನೆ. ಬೆನ್ನು ಒರಗಿಸುವ ಕುರ್ಚಿ ಇರಲಿ. ಬೆಳಕು ಎಡಗಡೆಯಿಂದ ಬರಬೇಕು. ನಿನ್ನ ಬಣ್ಣದ ಡಬ್ಬಿಗಳನ್ನು ಆಚೆ ಇಡು, ವಾಸನೆಗೆ ನನಗೆ ತಲೆನೋವು ಬರುತ್ತದೆ. ನೀನೂ ಆಚೆ ಇರು.

ಚಿತ್ರಕಲಾ ಶಿಕ್ಷಕ

ಮೇ ೧೪

ಭಾವನವರಿಗೆ,

ಹನ್ನೆರಡು ದಿನ ಸುಮ್ನಿದ್ದೆ. ಕೋಪದಲ್ಲಿ ಬರೆದ್ರೆ ಹದಿನೇಳು ತಪ್ಪು ಮೂವತ್ತಾಗುತ್ತೆ ಅಂತ.

ನೀವು ಏನೇನು ಮಾಡಿದ್ರಿ ಅಂತ ನಿಮಗೇ ನೆನಪು ಮಾಡ್ತೀನಿ, ಯಾಕಂದ್ರೆ ನೀವು ಈಗಾಗಲೇ ಮನಸ್ಸಲ್ಲಿ ಅದನ್ನೂ ತಿದ್ದಿಕೊಂಡಿರ್ತೀರಿ.

ಬಂದ್ರಿ. ಇಸ್ತ್ರಿ ಅಂಗಿ. ಅಕ್ಕನಿಗೆ "ಚೆನ್ನಾಗಿದೀಯಾ" ಅನ್ನೋ ಬದಲು "ಬ್ಲೇಡು ಸಿಕ್ಕಿತು" ಅಂದ್ರಿ. ಅಷ್ಟಾದ್ರೂ ಅಂದ್ರಲ್ಲ ಅಂತ ಅಕ್ಕನ ಮುಖ ಸ್ವಲ್ಪ ಸಡಿಲ ಆಯ್ತು, ನಾನು ನೋಡಿದೆ. ಕೂತ್ರಿ. ಅಕ್ಕ ಎದುರಿಗೆ ಹಲಗೆ ಇಟ್ಕೊಂಡು ಕೂತ್ಲು. ನಾನು ಬಾಗಿಲಾಚೆ ಸ್ಟೂಲ್ ಹಾಕ್ಕೊಂಡು ಗಡಿಯಾರ ನೋಡ್ತಾ ಕೂತೆ, ಅಂಪೈರ್ ಥರ.

ಹತ್ತು ನಿಮಿಷ, ಬೊಂಬೆ. ಹದಿನೈದು ನಿಮಿಷಕ್ಕೆ ನಿಮ್ಮ ಬೆರಳು ತೊಡೆ ಮೇಲೆ ಗೆರೆ ಎಳೆಯೋಕೆ ಶುರು ಮಾಡ್ತು. ಇಪ್ಪತ್ತಕ್ಕೆ ಕತ್ತು ಮುಂದೆ ಬಂತು. ಭಾವ, ಬೇಡ ಭಾವ, ಅಂತ ಮನಸ್ಸಲ್ಲೇ ಹೇಳ್ಕೊಂಡೆ. ನಿಮ್ಮ ಮೇಲಿನ ಪ್ರೀತಿಗಲ್ಲ. ಅಕ್ಕ ನಾಲಿಗೆ ತುದಿ ಕಚ್ಚಿಕೊಂಡು ಬರೀತಿದ್ಲು, ಏಳನೇ ಕ್ಲಾಸಲ್ಲಿ ಲೆಕ್ಕ ಮಾಡೋವಾಗ ಹಾಗೇ ಕಚ್ಚೋಳು. ಅದಕ್ಕೆ.

ಇಪ್ಪತ್ತೆರಡನೇ ನಿಮಿಷಕ್ಕೆ ಎದ್ರಿ. "ಕಿವಿ ಕೆಳಗಾಯಿತು, ಕೊಡಿಲ್ಲಿ" ಅಂದ್ರಿ. ಕೊಡಿಲ್ಲಿ! ಹೆಂಡತಿಗೆ ಕ್ಲಾಸಲ್ಲಿ ಹೇಳೋ ಹಾಗೆ. ಅವಳ ಕೈಯಲ್ಲಿದ್ದ ಪೆನ್ಸಿಲ್ ತಗೊಂಡು ಕಿವಿ ಬರೆದೇಬಿಟ್ರಿ. ಬರೆದ ಮೇಲೆ ನಿಮಗೇ ಗೊತ್ತಾಯ್ತು. ಪೆನ್ಸಿಲ್ ಕೆಳಗೆ ಬಿತ್ತು. ಅಕ್ಕ ಹಲಗೆ ಬೋರಲು ಹಾಕಿ ಅಡುಗೆಮನೆಗೆ ಹೋಗಿ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದ್ಲು.

ಸಾಲದ್ದಕ್ಕೆ ಹೋಗೋವಾಗ ಜಗುಲಿ ಮೇಲೆ ಒಣಗ್ತಿದ್ದ ನನ್ನ ಬೋರ್ಡ್ ನೋಡಿ, "ಈ ಅಕ್ಷರಕ್ಕೆ ಉಸಿರಾಡಲು ಜಾಗವಿಲ್ಲ" ಅಂದ್ರಿ. ನನಗೂ ಇಲ್ಲ ಭಾವ, ನೀವು ಬಂದಾಗ.

ಶಾಲೆ ಮಕ್ಕಳು ನಿಮ್ಮನ್ನ ರಬ್ಬರ್ ಮೇಷ್ಟ್ರು ಅಂತಿದ್ರಂತೆ. ಪಾಪ, ತಪ್ಪು ಹೆಸರು. ರಬ್ಬರ್ ಅಳಿಸುತ್ತೆ ಅಷ್ಟೇ, ಮೇಲೆ ಬಂದು ತನ್ನದನ್ನ ಬರೆಯಲ್ಲ.

ಇನ್ನು ಮೇಲೆ ನನ್ನ ಮನೆ ಹೊಸಿಲು ದಾಟಬೇಡಿ. ಇದು ತಮಾಷೆಯಲ್ಲ. ನಾನು ತಮಾಷೆ ಮಾಡದೆ ಹೇಳಿದ ಮಾತು ಎಷ್ಟಿದೆ ಅಂತ ಅಕ್ಕನ್ನ ಕೇಳಿ. ಇದು ಎರಡನೇದು.

ಇಂತಿ,
ಮನೆ ಯಜಮಾನ

ಜೂನ್ ೨

ಭಾಮೈದನಿಗೆ,

ಇದನ್ನು ಅವಳಿಗೆ ಓದಿ ಹೇಳಬೇಡ. ಹೇಳುತ್ತೀಯೆಂದು ಗೊತ್ತು, ಆದರೂ ಬರೆಯುತ್ತೇನೆ.

ಊರಿಗೆ ಬಂದ ಮೇಲೆ ಕನ್ನಡಿಯ ಮುಂದೆ ಕೂತೆ. ಅವಳದು ಸರಿಯೋ ನನ್ನದು ಸರಿಯೋ ಸಾಬೀತು ಮಾಡಬೇಕೆಂದೇ ಕೂತೆ. ನನ್ನ ಮುಖ ಬರೆದೆ. ಮೂವತ್ತಾರು ವರ್ಷಗಳ ನಂತರ, ನನ್ನದೇ ಹಾಳೆಯಲ್ಲಿ. ಮುಗಿಸಿ ನೋಡಿದರೆ ಯಾರೋ ಗಂಭೀರ ಮನುಷ್ಯ. ನೆಟ್ಟಗಿನ ಮೂಗು, ಮುಚ್ಚಿದ ಬಾಯಿ, ಉದ್ದ ಕುತ್ತಿಗೆ. ಕನ್ನಡಿಯಲ್ಲಿ ಅವನಿರಲಿಲ್ಲ. ಹರಿದು ಮತ್ತೆ ಬರೆದೆ. ಅವನೇ ಬಂದ. ಒಂಬತ್ತು ಸಲ ಬರೆದೆ. ಕಣ್ಣು ಒಂದನ್ನು ನೋಡುತ್ತದೆ, ಕೈ ಇನ್ನೊಂದನ್ನು ಎಳೆಯುತ್ತದೆ. ಇಷ್ಟು ವರ್ಷ ಸಾವಿರಾರು ಮಕ್ಕಳ ಹಾಳೆಗಳಲ್ಲಿ ನಾನು ಬರೆದದ್ದು ಅವನದೇ ಮೂಗು ಇರಬೇಕು.

ಭಾನುವಾರದ ಕ್ಲಾಸಿನಲ್ಲಿ ಪೆನ್ಸಿಲು ಮುಟ್ಟಲಿಲ್ಲ. ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಓಡಾಡಿದೆ. ಮಕ್ಕಳು ನನಗೆ ಕೈನೋವೆಂದು ತಿಳಿದರು. ಒಂದು ಹುಡುಗಿ ಎಣ್ಣೆ ಹಚ್ಚಿ ಎಂದಳು.

ಅವಳ ಮೊದಲ ಹಾಳೆಯನ್ನು ಕಳಿಸಬಹುದೇ ಎಂದು ಕೇಳಲು ಬರೆದೆ. ತಿದ್ದಲು ಅಲ್ಲ. ನನ್ನ ಗೆರೆಗಳ ಕೆಳಗೆ ಅವಳ ಗೆರೆ ಇನ್ನೂ ಕಾಣಿಸುತ್ತದೆಯೇ, ನೋಡಬೇಕಿತ್ತು.

ಇದನ್ನೂ ಅಂಗಡಿಯ ಗೋಡೆಗೆ ಅಂಟಿಸಿದರೆ ನಿನ್ನನ್ನು ಸುಮ್ಮನೆ ಬಿಡುವುದಿಲ್ಲ.

ಇಂತಿ,
ನಿನ್ನ ಭಾವ

ಜೂನ್ ೧೩, ಭಾನುವಾರ

ಭಾವನವರಿಗೆ,

ಅಂಟಿಸಿಲ್ಲ. ಅಕ್ಕನಿಗೆ ಓದಿ ಹೇಳಿದೆ, ಎರಡು ಸಲ. ಎರಡನೇ ಸಲ ಅವಳೇ ಓದು ಅಂದ್ಲು.

ಹಾಳೆ ಕೊಡಲ್ವಂತೆ. "ಅವರು ಕೇಳಿದ್ದನ್ನೆಲ್ಲ ಕೊಟ್ಟಾಯ್ತು, ಇದು ನಂದು" ಅಂದ್ಲು. ನನಗೆ ಸಮಾಧಾನ ಆಯ್ತು. ಕೊಟ್ಟಿದ್ರೆ ನೀವು ಕಾಣಿಸುತ್ತಾ ಕಾಣಿಸುತ್ತಾ ಅಂತ ಉಜ್ಜಿ ಉಜ್ಜಿ ತೂತು ಮಾಡಿಬಿಡ್ತಿದ್ರಿ.

ವಾಪಸ್ ಬರೋ ವಿಷಯ ನೇರವಾಗಿ ಕೇಳಿದೆ. "ಅವರು ಗಂಟೆ ಕೂರಲಿಲ್ಲ, ನಾನು ರೈಲು ಹತ್ತಲ್ಲ. ಹಾಗಂತ ಬರಿ" ಅಂದ್ಲು. ಬರೆದೆ. ಬೆಳಗಾದ್ರೆ ಅಂಗಡಿ ಮುಂದೆ ಕೂತು ಹೋಗೋ ಬರೋರನ್ನ ಬರೀತಾಳೆ. ಎಲ್ಲರಿಗೂ ಒಂದು ಕಾಲು ಉದ್ದ. ತರಕಾರಿಯವಳು ತನ್ನ ಚಿತ್ರ ನೋಡಿ "ನಾನು ಇಷ್ಟು ಕುಂಟ್ತೀನಾ" ಅಂತ ಜಗಳಕ್ಕೇ ಬಂದ್ಲು. ಆಮೇಲೆ ಅದನ್ನ ಕೇಳಿ ಇಸ್ಕೊಂಡು ಹೋದ್ಲು.

ನನಗೆ ನಿಮ್ಮ ಮೇಲಿನ ಸಿಟ್ಟು ಒಂದು ಚೂರೂ ಕಮ್ಮಿಯಾಗಿಲ್ಲ. ಎಣ್ಣೆ ಹಚ್ಚಿ ಅಂದ ಹುಡುಗಿ ಮಾತು ಕೇಳಿ ಒಂದು ಸಲ ನಕ್ಕೆ, ಅದು ಆ ಹುಡುಗಿ ಪುಣ್ಯ. ನೀವು ಎರಡು ಊರ ಆಚೆ ಕೈ ಕಟ್ಟಿಕೊಂಡು ಓಡಾಡಿದ್ರೆ ಇಲ್ಲಿ ಯಾರಿಗೇನು? ಹನ್ನೊಂದು ವರ್ಷ ಅದೇ ಕೋಣೇಲಿ ಒಬ್ಬಳು ಪೆನ್ಸಿಲ್ ಕೆರೀತಾ ಕೂತಿದ್ಲು, ಅವಳ ಕಡೆ ಒಂದು ಸಲ

ತಡೀರಿ. ಅರ್ಧಕ್ಕೇ ನಿಲ್ಲಿಸಿದ್ದು ಯಾಕೆ ಅಂದ್ರೆ ನೀವೇ ಕಾಣಿಸಿದ್ರಿ.

ಎದುರುಗಡೆ ಹೊಲಿಗೆ ಅಂಗಡಿ ಬಾಗಿಲು ಹಾಕಿದೆ, ಅದರ ಮೆಟ್ಟಿಲ ಹತ್ರ ನಿಂತಿದೀರಿ. ಅದೇ ಇಸ್ತ್ರಿ ಅಂಗಿ, ಈ ಸಲ ಇಸ್ತ್ರಿ ಇಲ್ಲ. ಹನ್ನೊಂದು ಗಂಟೆ ರೈಲಿಗೆ ಬಂದಿದ್ರೆ ಒಂದೂವರೆ ಗಂಟೆ ಹೊತ್ತಿನಿಂದ ಅಲ್ಲೇ ಇದೀರಿ ಅಂತಾಯ್ತು. ಕೈ ಬೆನ್ನ ಹಿಂದೆ. ಹೊಸಿಲು ದಾಟಬೇಡಿ ಅಂದ್ರೆ ಇಷ್ಟು ಕರೆಕ್ಟಾಗಿ ಬೀದಿ ಆಚೆ ನಿಲ್ಲಬೇಕಾ? ಎದುರಿಗಿರೋ ಮನುಷ್ಯನಿಗೆ ಕಾಗದ ಬರೆಯೋ ದಡ್ಡ ನಾನೊಬ್ಬನೇ ಇರಬೇಕು. ಆದ್ರೆ ಕರೆಯಲ್ಲ. ನಾನು ಕೊಟ್ಟ ಮಾತಿಗೂ ಒಂದು ಬೆಲೆ ಬೇಡವಾ? ಬೇಕಾದ್ರೆ ಈ ಕಾಗದ ಮುಗಿಸಿ, ಮಡಚಿ, ಬೀದಿ ದಾಟಿ ಕೈಗೆ ಕೊಟ್ಟು ಬರ್ತೀನಿ, ಅಲ್ಲೇ ನಿಂತು ಓದ್ಕೊಳ್ಳಿ.

ಅಕ್ಕ ಒಂದು ಸಲ ಕಿಟಕಿ ಹತ್ರ ಬಂದು ಹೋದ್ಲು. ನೋಡಿದ್ಲೋ ಇಲ್ವೋ ಗೊತ್ತಾಗಲಿಲ್ಲ. ಅಡುಗೆಮನೇಲಿ ಮುಚ್ಚಳದ ಸದ್ದು ಮಾತ್ರ ಜೋರಾಗಿದೆ.

ನೀವು ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಬದಲಾಯಿಸಿದ್ರಿ ಈಗ. ನನ್ನ ಬೋರ್ಡ್ ಓದ್ತಿದೀರಿ, ಬಾಯಿ ಅಲ್ಲಾಡ್ತಿದೆ. ಏನಾದ್ರೂ ಅನ್ನಿ ನೋಡೋಣ, ಒಂದೇ ಒಂದು

ಅಕ್ಕ ಊಟಕ್ಕೆ ಕರೀತಿದಾಳೆ. ಈ ಮನೇಲಿ ಅವಳನ್ನ ಬಿಟ್ರೆ ಇರೋದು ನಾನೊಬ್ಬ. ಬೀದಿಗೇ ಕೇಳೋ ಹಾಗೆ ಕೂಗಿದ್ಲು:

"ಆರಿಹೋಗುತ್ತೆ, ಇಬ್ಬರೂ ಬನ್ನಿ."